ಮಜ್ಜಿಗೆಯಲ್ಲಿ ಕುದುರಿದ ಅಣೆಕಟ್ಟು

ಸೌತ್‌ಲೇಕ್, ಮಾರ್ಚ್ ೨೦೧೪

ಅಕ್ಕಾ,

ನಿನ್ನೆ ರಾತ್ರಿಯ ಔತಣದಲ್ಲಿ ನಮ್ಮವರ ಬಾಸ್ ಇರಣ್ಣ ಅಂಕಲ್ ಕಂಪನಿಗೂ ಒಂದು ಚೀನಾ ಕಂಪನಿಗೂ ಸಂಬಂಧ ಕುದುರಿತು. ಇಬ್ಬರೂ ಸೇರಿ ಜಾಂಬಿಯಾದಲ್ಲಿ ಅಣೆಕಟ್ಟು ಕಟ್ಟುತ್ತಾರಂತೆ. ಚೀನಾದವರ ಪದ್ಧತಿಯಲ್ಲಿ ಯಾರಾದರೂ ಗ್ಲಾಸ್ ಎತ್ತಿ ಮಾತಾಡಿದರೆ ತಳ ಕಾಣುವವರೆಗೆ ಕುಡಿಯಬೇಕು, ಕುಡಿದರೆ ಆ ಮಾತಿಗೆ ಒಪ್ಪಿದ ಹಾಗೆ ಎಂದು ಅಂಕಲ್ ಮೊದಲೇ ಪಾಠ ಮಾಡಿದ್ದರು. ಹೆಂಡ ಮುಟ್ಟದ ನಮ್ಮ ಶ್ರೀಶೈಲ್ ಮಜ್ಜಿಗೆ ಕುಡಿದೇ ಎಲ್ಲಕ್ಕೂ ಒಪ್ಪಿದರು, ಮುಂದಿನ ವಾರವೇ ಹೊರಟು ಎರಡು ವರ್ಷ ಜಾಂಬಿಯಾದಲ್ಲಿರುವುದಕ್ಕೂ! ಅಮಲಿನಲ್ಲಿ ಒಪ್ಪಿದೆ ಎನ್ನುವ ಭಾಗ್ಯವೂ ಅವರಿಗಿಲ್ಲ. ನಾಲ್ಕು ತಿಂಗಳ ಕೂಸನ್ನು ಕಟ್ಟಿಕೊಂಡು ನಾನು ಈ ಪರದೇಶದಲ್ಲಿ ಕಾರಿನಲ್ಲಿ ದಾರಿ ಹೇಳುವ ಜಿಪಿಎಸ್ ಜೊತೆ ಸಂಸಾರ ಮಾಡಬೇಕು.

ನಾನೂ ಎದ್ದು ಗ್ಲಾಸ್ ಎತ್ತಿದೆ. "ಮಗಳು ನಡೆಯಲು ಕಲಿತ ಮೇಲೆ ಜಾಂಬಿಯಾಕ್ಕೆ ಹೊರಡುವ ನನ್ನ ಗಂಡನಿಗೆ!" ಎಂದು ಇಂಗ್ಲಿಷಿನಲ್ಲಿ ಸಾರಿದೆ.

"ಏ ಯವ್ವಾ, ಕೂಡ್ರು, ಡೀಲ್ ಕೆಡಸ್ತಿ ನೀ!" ಎಂದು ಅಂಕಲ್ ಹಲ್ಲು ಕಡಿದರು.

ಅಷ್ಟರಲ್ಲಿ ಚೀನಾದವರ ಮುಖ್ಯಸ್ಥೆ ಮೇಡಂ ತಾಂಗ್ ತಮ್ಮ ಗ್ಲಾಸ್ ಬರಿದು ಮಾಡಿ, ತಲೆಕೆಳಗೆ ಹಿಡಿದು ಎಲ್ಲರಿಗೂ ತೋರಿಸಿದರು. ಅಂಕಲ್ ಕೂಡ ಕುಡಿಯಲೇಬೇಕಾಯಿತು.

ಕೂಸಿನ ನೆಗಡಿ ಇಳಿದಿದೆ, ನನಗೆ ನಿದ್ದೆ ಇನ್ನೂ ಇಲ್ಲ. ಅವಳಿಗೆ ನಡೆಯಲು ವಾಕರ್ ಕಳಿಸುತ್ತೇನೆ ಅಂದಿದ್ದೆಯಲ್ಲ, ಏನೂ ಅವಸರವಿಲ್ಲ. ಎದ್ದಳು, ಓಡುತ್ತೇನೆ.

ನಿನ್ನ ನಿಧಿ