ಎರಡು ಲೋಟದ ಲೆಕ್ಕ

ಹೊಸಪಾಳ್ಯ, ಗುಡೇಮಾರನಹಳ್ಳಿ ಹತ್ತಿರ,
ಮಾಗಡಿ ತಾಲ್ಲೂಕು
೩–೩–೨೦೦೫, ಗುರುವಾರ

ಚನ್ನಪಟ್ಟಣದ ಬೀಗಿತ್ತಿ ಮಾಯಮ್ಮನವರಿಗೆ ವನಜಾಕ್ಷಿ ಮಾಡುವ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರು ಮಾಡುವುದು ವಾಡಿಕೆ. ನಾನು ಹಾಗೆ ಬರೆದರೆ ನೀವು ನಂಬುವುದಿಲ್ಲ. ಆದ್ದರಿಂದ ಸಾಕ್ಷಿ ಸಮೇತ ಬರೆಯುತ್ತೇನೆ: ನಿಮ್ಮ ಮಗಳು ರಮ್ಯಾ ಈಗ ತಾನೇ ಎರಡು ಮುದ್ದೆ ಉಂಡು, ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಾಳೆ. ಮೂರು ತಿಂಗಳು ತುಂಬುತ್ತಾ ಬಂತು. ಸೋಮವಾರ ಮಾಗಡಿಯಲ್ಲಿ ಡಾಕ್ಟರಮ್ಮ ನೋಡಿದರು, ಮಗುವಿನ ಎದೆಬಡಿತ ಚೆನ್ನಾಗಿದೆ ಎಂದರು.

ಹೋದ ವಾರ ಫೋನಿನಲ್ಲಿ ನೀವು ಮಾತಾಡಿದಿರಿ, ನಾನು ಕೇಳಿದೆ. ನನ್ನ ಸರದಿ ಬರುವಷ್ಟರಲ್ಲಿ ನೀವು ಇಟ್ಟುಬಿಟ್ಟಿರಿ. ಅದಕ್ಕೇ ಈ ಕಾಗದ. ಕಾಗದಕ್ಕೆ ಒಂದು ಒಳ್ಳೆಯ ಗುಣವುಂಟು, ನಡುವೆ ಯಾರೂ ಬಾಯಿ ಹಾಕುವಂತಿಲ್ಲ. ನೀವು ಅಂದದ್ದು ನನಗೆ ಬಾಯಿಪಾಠವಾಗಿದೆ. "ನಮ್ಮುಡುಗಿ ಹೊಟ್ಟೆ ಮುಂದಿಟ್ಕೊಂಡು ಓಟ್ ಕೇಳುಸ್ತಿದ್ದೀರಂತೆ, ಮನೆಮನೇಲೂ ಕಾಫಿ ಕುಡುಸ್ತಿದ್ದೀರಂತೆ. ಹೋದ್ ಸಲ ಆಗಿದ್ದು ಸಾಲ್ದಾ? ಶಿವರಾತ್ರಿ ಆದ ಮಾರ್ನೇ ದಿನ ಬತ್ತೀನಿ, ಕರ್ಕೊಂಡೇ ಹೋಗೋದು." ಕೊನೆಯಲ್ಲಿ ಸಂಕ್ರಾಂತಿಯ ವಿಷಯವನ್ನೂ ತಂದಿರಿ. ನೀವು ಅಷ್ಟು ದೂರದಿಂದ ತಂದ ಎಳ್ಳುಬೆಲ್ಲವನ್ನು ನಾನು ಕೈಯಲ್ಲಿ ಇಸಿದುಕೊಂಡು ಬಾಯಿಗೆ ಹಾಕದೆ ಹಾಗೇ ಇಟ್ಟೆ, ಎಳ್ಳುಬೆಲ್ಲ ತಿನ್ನದವಳ ಬಾಯಲ್ಲಿ ಒಳ್ಳೆ ಮಾತು ಎಲ್ಲಿಂದ ಬಂದೀತು ಎಂದು. ನನ್ನ ಹಲ್ಲು ಸರಿಯಿಲ್ಲ ಎಂದು ಆಗಲೇ ಹೇಳಿದ್ದೆ.

ಇರಲಿ. ಆದದ್ದು ಹೀಗೆ.

ಈ ಸಲ ಪಂಚಾಯ್ತಿ ಚುನಾವಣೆಯಲ್ಲಿ ನಮ್ಮ ವಾರ್ಡು ಹೆಂಗಸರಿಗೆ ಬಂತು. ಹಿಂದಿನ ಸಲ ನಾನು ನಿಂತು ಸೋತದ್ದು ನಿಮಗೆ ಗೊತ್ತು. ಆಗಿನ ಮೆಂಬರು ಕಟ್ಟಿಸದ ಮೋರಿಗೆ ಬಿಲ್ಲು ಮಾಡಿಸಿದ್ದ. ನಾನು ಸುಮ್ಮನಿರಲಾರದೆ, "ಮೋರಿ ಕಟ್ಟಿದೋರ್ಗೆ ಹಾರ ಹಾಕಿ, ಮೋರಿ ಎಲ್ಲೈತೆ ಒಸಿ ಹುಡುಕಿ" ಎಂದು ಪದ ಕಟ್ಟಿದೆ. ಪ್ರಾಸ ಕೂಡಿತು, ಓಟು ಕೂಡಲಿಲ್ಲ. ಅರ್ಧ ವಾರ್ಡು ಅವನ ನೆಂಟರೇ. ನಾಲಿಗೆ ಉದ್ದ ಇರುವವಳು ಹಿಂದೆ ಇರಲಿ, ಮುಖದಲ್ಲಿ ಕಳೆ ಇರುವವಳು ಮುಂದೆ ಇರಲಿ ಎಂದು ಈ ಸಲ ರಮ್ಯಾಳ ಹೆಸರು ಕೊಟ್ಟೆವು. ಅವಳೂ ಒಪ್ಪಿದಳು. ಗಾರ್ಮೆಂಟ್ಸ್ ಕೆಲಸ ಬಿಟ್ಟ ಮೇಲೆ ಮನೆಯಲ್ಲಿ ಕೂತು ಕೂತು ಅವಳಿಗೂ ಬೇಜಾರಾಗಿತ್ತು. ಹೆಸರು ವಾಪಸ್ ತೆಗೆಯುವ ದಿನ ಕಳೆದು ಒಂದು ವಾರಕ್ಕೆ ಅವಳಿಗೆ ನಿಂತಿದೆ ಎಂದು ತಿಳಿಯಿತು. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು ಎಂದು ತೀರ್ಮಾನವಾಯಿತು. ಯಾರು ತೀರ್ಮಾನಿಸಿದರು ಎಂದು ನೀವು ಕೇಳುತ್ತೀರಿ. ಮನೆಯಲ್ಲಿ ತೀರ್ಮಾನಿಸುವವರು ಯಾರು ಎಂದು ನಿಮಗೆ ಗೊತ್ತೇ ಇದೆ.

ಡಾಕ್ಟರಮ್ಮನ ಹತ್ತಿರ ಕಾಫಿಯ ಮಾತು ಎತ್ತಿದವಳು ನಾನೇ. ಅವರು ಹೇಳಿದ್ದು: ದಿನಕ್ಕೆ ಎರಡು ಸಣ್ಣ ಲೋಟ, ಅದಕ್ಕಿಂತ ಮೇಲೆ ಬೇಡ. ಟೀ ಕುಡಿದರೆ ಅದೂ ಆ ಎರಡರಲ್ಲೇ ಸೇರಿತು. ಡಿಕಾಕ್ಷನ್ ತೆಳ್ಳಗಿರಲಿ. ಊಟದ ಜೊತೆಗೆ ಬೇಡ, ಕಬ್ಬಿಣದ ಮಾತ್ರೆ ಮೈಗೆ ಹತ್ತುವುದಿಲ್ಲ. ಬಿಟ್ಟೇಬಿಟ್ಟರೂ ನಷ್ಟವಿಲ್ಲ. ಹೋದ ಸಲದ್ದರ ಬಗ್ಗೆ ನಾನು ಕೇಳದೆಯೇ ಒಂದು ಮಾತು ಸೇರಿಸಿದರು. ಮೊದಮೊದಲ ತಿಂಗಳಲ್ಲಿ ಹಾಗೆ ಎಷ್ಟೋ ಹೋಗುತ್ತವೆ, ಅದಕ್ಕೆ ಇವಳು ಕುಡಿದದ್ದು ತಿಂದದ್ದು ಕಾರಣ ಅಂದುಕೊಳ್ಳಬೇಡಿ ಎಂದು. ಕಾಫಿ ಕುಡಿದರೆ ಮಗು ಕಪ್ಪಗೆ ಹುಟ್ಟುತ್ತದೆ ಎಂಬ ನಿಮ್ಮ ಮಾತನ್ನು ನಾನು ಅವರ ಮುಂದೆ ಎತ್ತಲಿಲ್ಲ, ನಿಮ್ಮ ಮರ್ಯಾದೆ ಉಳಿಸಿದೆ. ಎಮ್ಮೆಯ ಕರು ಹುಟ್ಟಿದ ಗಳಿಗೆಯಿಂದ ಹಾಲನ್ನೇ ಕುಡಿಯುತ್ತದೆ, ಅದರ ಬಣ್ಣ ನೀವೇ ನೋಡಿದ್ದೀರಿ.

ಎರಡು ಲೋಟದ ಲೆಕ್ಕ ಸುಲಭವಾಗಿಯೇ ಇತ್ತು. ತೊಡಕಾದದ್ದು ಚುನಾವಣೆಯವರು ಹಂಚಿದ್ದ ಗುರುತಿನಿಂದ. ಎದುರಾಳಿ ಚಿಕ್ಕತಾಯಮ್ಮನಿಗೆ ಹೊಲಿಗೆ ಯಂತ್ರ ಬಂತು. ನಮಗೆ ಕಪ್ಪು ಸಾಸರು.

ನಗಬೇಡಿ. ನಾನು ಆವತ್ತೇ ನಕ್ಕು ಮುಗಿಸಿದ್ದೇನೆ. "ಕಪ್ಪು ಸಾಸರು ನಮ್ಮ ಗುರುತು, ಬರಬೇಡಿ ಅದನ್ನು ಮರೆತು" ಎಂದು ಗೋಡೆಗೆ ಬರೆಸಿದೆವು. ಯಾರೂ ಮರೆಯಲಿಲ್ಲ. ಗಾರ್ಮೆಂಟ್ಸ್ ವ್ಯಾನು ಹೆಂಗಸರನ್ನು ಇಳಿಸಿ ಹೋದ ಮೇಲೆ, ಸಂಜೆ ಹೊತ್ತು, ನಾವು ಓಟು ಕೇಳಲು ಹೊರಡುತ್ತಿದ್ದೆವು. ಹೋದ ಹೋದ ಮನೆಯಲ್ಲೂ "ಬಾ ಕಪ್ಪು ಸಾಸ್ರಮ್ಮ, ನಿನ್ ಗುರ್ತು ನಿಂಗೇ ಕೊಡ್ತೀವಿ" ಎಂದು ಒಲೆ ಹಚ್ಚುವರು. ಬೇಡ ಎನ್ನುವಂತಿಲ್ಲ. ಕಾಫಿ ಬೇಡ ಎಂದವಳಿಗೆ ಓಟೂ ಬೇಡ ಎಂದು ಅರ್ಥ.

ಹಾಗಾಗಿ ಅವಳ ಪಾಲನ್ನೂ ನಾನೇ ಕುಡಿದೆ. ಅವಳು ಲೋಟ ಹಿಡಿದುಕೊಂಡು ನೀರಿನ ವಿಷಯ, ಫ್ಯಾಕ್ಟರಿ ಲಾರಿಗಳು ಕಿತ್ತ ರಸ್ತೆಯ ವಿಷಯ ಮಾತಾಡುವಳು. ಎಲ್ಲರೂ ಅವಳ ಮುಖ ನೋಡುವಾಗ ನಾನು ನನ್ನದನ್ನು ಮುಗಿಸಿ, ಖಾಲಿ ಲೋಟ ಅವಳ ಕೈಗಿಟ್ಟು, ತುಂಬಿದ್ದನ್ನು ಈ ಕಡೆ ತೆಗೆದುಕೊಳ್ಳುವೆ. ನಲವತ್ತಾರನೇ ವಯಸ್ಸಿನಲ್ಲಿ ಕೈಚಳಕ ಕಲಿತೆ. ಗುಲ್ಜಾರ್ ಬೀ ಮಾತ್ರ ಕಂಡುಹಿಡಿದಳು. ಅವಳ ಮನೆಯ ಕಾಫಿಗೆ ಏಲಕ್ಕಿ ಹಾಕಿರುತ್ತಾಳೆ, ನಾನು ಎರಡನೆಯದನ್ನು ಸ್ವಲ್ಪ ಆಸೆಯಿಂದಲೇ ಕುಡಿದಿರಬೇಕು. "ಏನ್ ವನಜಮ್ಮ, ಓಟು ಸೊಸೆಗೆ, ಕಾಫಿ ಅತ್ತೆಗಾ?" ಎಂದು ನಕ್ಕು ಸುಮ್ಮನಾದಳು. ನನಗಂತೂ ನಿದ್ದೆ ಹಾರಿಹೋಯಿತು. ಹನುಮಂತಯ್ಯನವರು, ಅಂದರೆ ನಮ್ಮೆಜಮಾನರು, ಪಕ್ಕದಲ್ಲಿ ಗೊರಕೆ ಹೊಡೆಯುವಾಗ ನಾನು ಸೂರು ನೋಡುತ್ತಾ ಪ್ರಾಸ ಹುಡುಕುತ್ತಿದ್ದೆ. ಎದೆ ಹೊಡೆದುಕೊಳ್ಳುವುದನ್ನು ಎಣಿಸಿದರೆ ಅದಕ್ಕೂ ಒಂದು ಛಂದಸ್ಸಿತ್ತು.

ಕಾಲೋನಿಯಲ್ಲಿ ಮಾತ್ರ ಈ ಆಟ ಬೇಡವೆಂದು ಮೊದಲೇ ಹೇಳಿದ್ದೆ. ಆ ಜನ ನಮ್ಮಂಥವರ ಕೈಯನ್ನೂ ಲೋಟವನ್ನೂ ನೋಡುತ್ತಲೇ ಬೆಳೆದವರು. ನೋಡಲೇಬೇಕಾದ ಹಾಗೆ ನಾವೇ ಇಟ್ಟಿದ್ದೆವು. ಆದ್ದರಿಂದ ಆವತ್ತು ಬೆಳಗ್ಗೆಯಿಂದ ರಮ್ಯಾಗೆ ಕಾಫಿಯೇ ಕೊಡಲಿಲ್ಲ. ಅವಳ ಎರಡು ಲೋಟವನ್ನೂ ಕಾಲೋನಿಗೆ ಉಳಿಸಿದೆ. ಮೊದಲ ಮನೆ ಮುನಿತಾಯಜ್ಜಿಯದು. ಆ ಅಜ್ಜಿ ಹೇಳಿದ ಕಡೆ ಇಡೀ ಬೀದಿ ಒತ್ತುತ್ತದೆ. ಹೊಸ ಸ್ಟೀಲ್ ಲೋಟ ತೊಳೆದು ತಂದು ಕೊಟ್ಟಳು. ರಮ್ಯಾ ಲೋಟವನ್ನು ತುಟಿಯವರೆಗೆ ತಂದಳು. ಅಲ್ಲಿಗೇ ನಿಂತಳು. ಆಮೇಲೆ ಲೋಟವನ್ನು ಕೆಳಗಿಟ್ಟುಬಿಟ್ಟಳು.

ಅಜ್ಜಿ ಲೋಟ ನೋಡಿದಳು, ನನ್ನನ್ನು ನೋಡಿದಳು. "ಯಾಕವ್ವ, ನಮ್ಮಟ್ಟಿ ಕಾಫಿ ನಿನ್ ಸೊಸೆ ಗಂಟ್ಲಲ್ಲಿ ಇಳೀನಿಲ್ವಾ?" ಎಂದಳು. ಜೋರಾಗಿ ಅನ್ನಲಿಲ್ಲ. ನಾನು ರಮ್ಯಾಳ ಕೈ ಹಿಡಿದು ಎಬ್ಬಿಸಿಕೊಂಡು ಹೊರಟೆ. ನಾವು ಬೀದಿ ದಾಟುವ ಮೊದಲೇ ಸುದ್ದಿ ದಾಟಿತ್ತು. ಚಿಕ್ಕತಾಯಮ್ಮನ ಗಂಡ ಅರಳಿಕಟ್ಟೆಯಲ್ಲಿ ಕೂತು, "ಕಪ್ಪು ಸಾಸರು ತೋರ್ಸೋಕ್ ಮಾತ್ರ ಕಣ್ರಲಾ, ಕಾಲೋನಿ ಮನೇಲಿ ಕುಡಿಯಾಕಲ್ಲ" ಎಂದು ಸಾರುತ್ತಿದ್ದ.

ಮನೆಗೆ ಬಂದು ಕೇಳಿದೆ, ಎರಡು ಲೋಟ ಕುಡಿಯಬಹುದು ಎಂದು ಡಾಕ್ಟರೇ ಹೇಳಿದ್ದಾರಲ್ಲ, ಒಂದು ಗುಟುಕಿಗೆ ಏನಾಗುತ್ತಿತ್ತು ಎಂದು. ಸ್ವಲ್ಪ ಗಡುಸಾಗಿಯೇ ಕೇಳಿದೆ. ಅವಳು ಅಳಲಿಲ್ಲ. ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಕರಿಬೇವಿನ ಗಿಡದ ಬುಡ ತೋರಿಸಿದಳು. ಇರುವೆ ಸಾಲುಗಟ್ಟಿತ್ತು. ಇಷ್ಟು ದಿನ ನಾನು ಅಳತೆ ಮಾಡಿ ಕೊಟ್ಟ ಎರಡೆರಡು ಲೋಟವೂ ಸಕ್ಕರೆ ಸಮೇತ ಅಲ್ಲಿಗೇ ಹೋಗಿದೆ.

"ನಮ್ಮವ್ವ ಹೇಳವ್ಳಲ್ಲ ಅತ್ತೆ, ಕಾಫೀಲೇ ಕರ್ಗೋಯ್ತು ಅಂತ. ಇನ್ನೊಂದ್ ಸಲ ಅಂಗಾದ್ರೆ ನಾನೇ ಕರ್ಗೋಯ್ತೀನಿ."

ಅವಳು ಹೇಳಿದ್ದು ಇಷ್ಟೇ. ಒಂದಕ್ಷರ ಸೇರಿಸದೆ ಬರೆದಿದ್ದೇನೆ.

ನಿಮಗೆ ನೆನಪಿದೆಯೋ ಇಲ್ಲವೋ, ಗೌರಿ ಹಬ್ಬದ ಹೊತ್ತಿಗೆ ಅದು ಆದಾಗ ನೀವು ಬಂದಿರಿ. ಅವಳು ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ನಿದ್ದೆ ಬಂದಿದೆ ಎಂದುಕೊಂಡು ನೀವು ನನಗೆ ಹೇಳಿದಿರಿ, "ಬ್ಯಾಡ ಬ್ಯಾಡ ಅಂದ್ರೂ ಫ್ಯಾಕ್ಟ್ರೀಲಿ ಲೋಟಗಟ್ಲೆ ಕಾಫಿ ಸುರ್ಕೊಂಡ್ಳು, ಉಷ್ಣ ಆಗಿ ಕರ್ಗೋಯ್ತು" ಎಂದು. ಸಂಕಟದಲ್ಲಿ ಅಂದದ್ದು. ನಾನೂ ತಲೆಯಾಡಿಸಿದೆ. ಅವಳು ನಿದ್ದೆ ಮಾಡುತ್ತಿರಲಿಲ್ಲ.

ಮಾರನೇ ದಿನ ಅವಳು ನನ್ನನ್ನು ಕೇಳದೆ ಒಬ್ಬಳೇ ಕಾಲೋನಿಗೆ ಹೋದಳು. ಓಟು ಮುಗಿಯುವವರೆಗೆ ಬಾಯಿ ಬಿಡಬೇಡ ಎಂದು ನಾನು ಹೇಳಿದ್ದೆ, ಅದನ್ನೂ ಕೇಳಲಿಲ್ಲ. ಮುನಿತಾಯಜ್ಜಿಯ ಮುಂದೆ ಕೂತು ಎಲ್ಲ ಹೇಳಿದಳಂತೆ, ಈಗ ಇರುವುದನ್ನೂ ಆಗ ಹೋದದ್ದನ್ನೂ. ಅಜ್ಜಿ ಅವಳ ಮಂಡಿಗೆ ಒಂದು ಏಟು ಕೊಟ್ಟು, "ಅಯ್ ಕೂಸೆ, ಮೊದ್ಲೇ ಬಾಯ್ ಬುಡಾಕಾಗ್ನಿಲ್ವಾ? ನಂದೂ ಎಲ್ಡು ಹೋದೊ. ಆಗ ನಮ್ಮಟ್ಟೀಲಿ ಕಾಫಿಪುಡಿ ಮುಖಾನೇ ಕಂಡಿರ್ನಿಲ್ಲ. ಅವು ಏನ್ ಕುಡುದ್ ಕರಗ್ದೊ?" ಎಂದಳಂತೆ. ಆಮೇಲೆ ಅದೇ ಸ್ಟೀಲ್ ಲೋಟದಲ್ಲಿ ನೀರು ಮಜ್ಜಿಗೆ ಕೊಟ್ಟಳು. ರಮ್ಯಾ ಪೂರಾ ಕುಡಿದು, ಇನ್ನೊಂದು ಲೋಟ ಕೇಳಿ ಕುಡಿದು ಬಂದಳು.

ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ನಿಮಗೂ ಗೊತ್ತಾಯಿತು. ಆಮೇಲೆ ಮನೆಮನೆಯಲ್ಲೂ ನಿಂಬೆಹಣ್ಣಿನ ಪಾನಕ, ಎಳನೀರು, ಬಾಳೆಹಣ್ಣು. ನನಗೆ ಏನೂ ಇಲ್ಲ, ಬಸುರಿ ನಾನಲ್ಲವಲ್ಲ. ಚಿಕ್ಕತಾಯಮ್ಮನ ಗಂಡ ಹೊಸ ಮಾತು ಹುಡುಕಿದ, ಬಸುರಿಗೆ ಓಟು ಹಾಕಿದರೆ ಪಂಚಾಯ್ತಿ ಸಭೆಗೆ ತೊಟ್ಟಿಲು ಬರುತ್ತದೆ ಎಂದು. ಅದರಲ್ಲಿ ಪ್ರಾಸವೂ ಇಲ್ಲ. ಆದರೂ ಅಲ್ಲಲ್ಲಿ ನಾಟಿತು. ನಾಲ್ಕು ಓಟಿನಲ್ಲಿ ಸೋತೆವು. "ನಾಕ್ ಮನೆ ಕಾಫಿ ಬಾಕಿ ಬುಟ್ಬುಟ್ಟೆ ಕಣಮ್ಮಿ" ಎಂದು ನಮ್ಮೆಜಮಾನರು ಇನ್ನೂ ಆಡಿಕೊಳ್ಳುತ್ತಿದ್ದಾರೆ. ಚುನಾವಣೆಯ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವಂಥದ್ದಿಲ್ಲ.

ಈಗ ಬರೆಯಬೇಕಾದದ್ದು ಬೇರೆ ಇದೆ. ರಮ್ಯಾ ಕಾಫಿ ಕುಡಿಯಲೇಬೇಕು ಎಂದು ನಾನು ಹೇಳುವುದಿಲ್ಲ. ಬಿಟ್ಟರೆ ಒಳ್ಳೆಯದೇ, ಪುಡಿಯೂ ಉಳಿಯುತ್ತದೆ. ಆದರೆ ಬಿಟ್ಟದ್ದು ಬುದ್ಧಿಯಿಂದಲ್ಲ, ಭಯದಿಂದ. ಭಯ ಒಂದು ಲೋಟದಲ್ಲಿ ನಿಲ್ಲುವುದಿಲ್ಲ. ಕಾಫಿ ಆಯಿತು, ಈಗ ಬೆಲ್ಲ ಉಷ್ಣವೋ, ಬದನೆಕಾಯಿ ನಂಜೋ ಎಂದು ಪ್ರತಿ ತುತ್ತಿಗೂ ನನ್ನ ಮುಖ ನೋಡುತ್ತಾಳೆ. ಹಿತ್ತಲಿಗೆ ಹೋಗಿ ಬಂದಾಗಲೆಲ್ಲ ಸೀರೆ ತಿರುಗಿಸಿ ನೋಡಿಕೊಳ್ಳುತ್ತಾಳೆ. ಡಾಕ್ಟರಮ್ಮನ ಮಾತು ತಲೆಗೆ ಹೋಯಿತು, ಮುನಿತಾಯಜ್ಜಿಯ ಮಾತು ಕಿವಿಗೆ ಹೋಯಿತು. ಅವ್ವನ ಮಾತು ಹೋಗಿ ಕೂತಿರುವ ಜಾಗ ಬೇರೆ. ಅಲ್ಲಿಂದ ಅದನ್ನು ಎಬ್ಬಿಸಲು ನನ್ನಿಂದ ಆಗುವುದಿಲ್ಲ, ಪ್ರಾಸ ಕಟ್ಟಿದರೂ ಆಗುವುದಿಲ್ಲ.

ನೀವು ಬನ್ನಿ. ಕರೆದುಕೊಂಡು ಹೋಗುವುದಾದರೆ ಹೋಗಿ, ನಾನು ಅಡ್ಡ ಬರುವುದಿಲ್ಲ, ಬಸ್ಸಿನಲ್ಲಿ ಮಾತ್ರ ಬೇಡ, ನಿಮ್ಮಳಿಯ ನಟರಾಜು ಕಾರು ಗೊತ್ತು ಮಾಡುತ್ತಾನೆ. ಆದರೆ ಹೊರಡುವ ಮುಂಚೆ ಅವಳನ್ನು ಎದುರಿಗೆ ಕೂರಿಸಿಕೊಂಡು, ಹೋದ ಸಲದ್ದು ನಿನ್ನಿಂದ ಹೋಗಲಿಲ್ಲ ಮಗಳೇ, ಕಾಫಿಯಿಂದ ಹೋಗಲಿಲ್ಲ ಎಂದು ಒಂದು ಸಲ ಹೇಳಿ. ನಿಮಗೆ ನಂಬಿಕೆ ಇರದಿದ್ದರೂ ಹೇಳಿ. ಉಳಿದದ್ದಕ್ಕೆಲ್ಲ ನನ್ನನ್ನು ಬೈಯಿರಿ, ಕೇಳಿಸಿಕೊಳ್ಳುತ್ತೇನೆ.

ಇಂತಿ,
ನಿಮ್ಮ ಮಗಳ ಅತ್ತೆ,
ವನಜಾಕ್ಷಿ

ಮರೆತದ್ದು: ಎಳ್ಳಿನ ವಿಷಯ. ನನ್ನ ಹಲ್ಲು ಸರಿಯಾಗಿಯೇ ಇವೆ. ನಟರಾಜುವಿಗೆ ಮುಂಚೆ ನನಗೂ ಒಂದು ನಿಂತು, ಕರಗಿ ಹೋಗಿತ್ತು, ಸಂಕ್ರಾಂತಿ ಕಳೆದ ವಾರದಲ್ಲಿ. ನಮ್ಮವ್ವ ನನ್ನ ತಲೆ ಬಾಚುತ್ತಾ, "ಎಳ್ಳು ಮುಕ್ಕಿದ್ಯಲ್ಲ, ಅದುಕ್ಕೇಯ" ಎಂದಳು. ಸಿಟ್ಟಿಲ್ಲದೆ ಅಂದಳು. ನಾನು ಬಿ.ಎ. ಮುಗಿಸಿದವಳು, ನಂಬಲಿಲ್ಲ. ನಂಬದೆಯೇ ಇಪ್ಪತ್ತೈದು ವರ್ಷ ಎಳ್ಳು ಬಾಯಿಗಿಟ್ಟಿಲ್ಲ. ನಮ್ಮವ್ವ ಈಗಿಲ್ಲ, ಆ ಮಾತನ್ನು ವಾಪಸ್ ತೆಗೆದುಕೊಳ್ಳುವವರೂ ಇಲ್ಲ. ನಿಮ್ಮ ಎಳ್ಳುಬೆಲ್ಲದ ಡಬ್ಬಿ ಅಡುಗೆಮನೆಯ ಅಟ್ಟದ ಮೇಲೆ ಹಾಗೇ ಇದೆ. ನೀವು ರಮ್ಯಾಗೆ ಹೇಳುವಾಗ ನಾನು ಅಲ್ಲೇ ಬಾಗಿಲ ಮರೆಯಲ್ಲಿ ನಿಂತಿರುತ್ತೇನೆ. ಒಸಿ ಗಟ್ಟಿಯಾಗಿ ಹೇಳಿ.