ಚಕ್ರವಿಲ್ಲದ ಕಾರಿಗೆ ನಾಲ್ಕು ನಿಂಬೆಹಣ್ಣು

18 ಅಕ್ಟೋಬರ್ 1961, ಬುಧವಾರ. ಜಯನಗರ.

ಕಾರಿನ ಎಡಗಡೆಯ ಬಾಗಿಲು ಇನ್ನೂ ಸರಿಯಾಗಿ ಕೂರುತ್ತಿಲ್ಲ. ಎರಡು ಏಟು ಹಾಕಿದರೆ ಕೂರುತ್ತದೆ. ಆದರೆ ಸುತ್ತಿಗೆ, ಸ್ಪ್ಯಾನರು ಎಲ್ಲ ಆಯುಧಪೂಜೆಗೆ ಕೂತಿವೆ, ನಾಳೆಯವರೆಗೆ ಮುಟ್ಟುವಂತಿಲ್ಲ. ಕೈ ಕಡಿಯುತ್ತಿದೆ.

ಹೋದ ವರ್ಷ ಅಣ್ಣ ಜಯಸಿಂಹ ಈ ಸ್ಪೋರ್ಟ್ಸ್ ಕಾರನ್ನು ಕನಕಪುರ ರಸ್ತೆಯ ಹುಣಸೆಮರಕ್ಕೆ ಗುದ್ದಿದ ಮೇಲೆ ಅಮ್ಮ ಶೆಡ್ಡಿನ ಕಡೆ ತಿರುಗಿಯೂ ನೋಡಿರಲಿಲ್ಲ. ಅಣ್ಣನ ಮುರಿದ ಕಾಲು ಕೂಡಿಕೊಂಡಿತು. ಸ್ಟೀರಿಂಗ್ ಹಿಡಿಯುವ ಧೈರ್ಯ ಮಾತ್ರ ಬರಲಿಲ್ಲ. ನಾನೇ ಒಂದೊಂದು ಭಾಗವನ್ನೂ ಬಿಚ್ಚಿ, ಸೊಟ್ಟಗಾಗಿದ್ದ ಚಾಸಿಯನ್ನು ನೆಟ್ಟಗೆ ಮಾಡಿಸಿ, ಮನೆ ಕಟ್ಟಿ ಉಳಿದ ಇಟ್ಟಿಗೆಗಳ ಮೇಲೆ ನಿಲ್ಲಿಸಿದ್ದೇನೆ.

ಸಂಜೆ ನನ್ನ ಸೈಕಲ್ಲಿಗೆ ಪೂಜೆ ಮುಗಿಸಿದ ಅಮ್ಮ, ತಟ್ಟೆ ಹಿಡಿದು ನೇರವಾಗಿ ಶೆಡ್ಡಿಗೆ ಬಂದಳು.

“ಚಕ್ರ ಎಲ್ಲೋ?”

“ಇನ್ನೂ ಹಾಕಿಲ್ಲಮ್ಮ. ಟೈರು ಮದ್ರಾಸಿಂದ ಬರ್ಬೇಕು.”

ಬೈಯುತ್ತಾಳೆ ಅಂದುಕೊಂಡೆ. ಅವಳು ಬಾನೆಟ್ಟಿಗೆ ಕುಂಕುಮವಿಟ್ಟು, ಚಕ್ರಗಳಿರಬೇಕಾದ ನಾಲ್ಕು ಕಡೆಯೂ, ಇಟ್ಟಿಗೆಗಳ ಮುಂದೆ, ಒಂದೊಂದು ನಿಂಬೆಹಣ್ಣು ಇಟ್ಟಳು.

“ಇವು ಒಣಗೋದ್ರೊಳಗೆ ಚಕ್ರ ಹಾಕು. ಹಣ್ಣಿನ ಮೇಲೆ ಹತ್ತಿಸೋದು ನೀನಲ್ಲ, ನಿಮ್ಮಣ್ಣ,” ಎಂದಳು, ಮನೆಯ ಕಿಟಕಿಗೆ ಕೇಳಿಸುವಷ್ಟು ಜೋರಾಗಿ.

ಕಿಟಕಿಯ ಹಿಂದೆ ಅಣ್ಣ ಪೇಪರ್ ಓದುತ್ತಿದ್ದ. ಹಾಳೆ ತಿರುಗಿಸಿದ ಸದ್ದು ಬಂತು, ಅಷ್ಟೇ. ನನಗೆ ರೇಗಿಹೋಯಿತು. ಇಷ್ಟೆಲ್ಲ ಯಾರಿಗಾಗಿ ಬಡಿಯುತ್ತಿದ್ದೇನೆ?

ಊಟಕ್ಕೆ ಕೂತಾಗ, ಎಲೆಯಿಂದ ತಲೆಯೆತ್ತದೆ ಅಣ್ಣ ಕೇಳಿದ: “ಟೈರು ಯಾವತ್ತು ಬರುತ್ತೋ?”

ಅಮ್ಮ ಏನೂ ಆಗದವಳ ಹಾಗೆ ಅವನಿಗೆ ಇನ್ನೊಂದು ಸೌಟು ಪಾಯಸ ಬಡಿಸಿದಳು.

ನಿದ್ದೆ ಹತ್ತುತ್ತಿಲ್ಲ. ಆ ಬಾಗಿಲಿಗೆ ಎರಡೇ ಏಟು ಸಾಕು. ಬೇಗ ಬೆಳಗಾಗಬಾರದೇ!