ಬಿಸಿಲ್ಗುದುರೆ ಹುಡುಗರು

ಹುಬ್ಬಳ್ಳಿ, ಕ್ರಿಸ್ತಶಕ ೨೧೮೧, ಮುಚ್ಚುಗಾಲದ ಮೂರನೆಯ ತಿಂಗಳು

ನಮಗಿಂತ ಮೊದಲು ಈ ಊರಿನಲ್ಲಿ ಬಾಳಿದವರಿಗೆ, ನೀಲಗಂಗಾ ಹೂಗಾರಳ ನಮಸ್ಕಾರಗಳು.

ನಿಮಗೂ ನನಗೂ ನಡುವೆ ಐದಾರು ತಲೆಮಾರುಗಳ ಅಂತರವಿದೆ. ನನ್ನ ಬರಹದಲ್ಲಿ ನಿಮಗೆ ಗುರುತಿಲ್ಲದ ಶಬ್ದಗಳು ಬಂದರೆ ಕ್ಷಮಿಸಬೇಕು. ಅವನ್ನು ನಾವು ಚೆಂದಕ್ಕೆ ಕಟ್ಟಿಕೊಂಡವರಲ್ಲ, ಬಿಸಿಲು ನಮ್ಮಿಂದ ಕಟ್ಟಿಸಿತು. ನಿಮಗೆ ಮಳೆಗಾಲ, ಚಳಿಗಾಲ ಎಂದು ಬೇರೆ ಬೇರೆ ಇದ್ದವಂತೆ. ನಮಗೆ ಇರುವುದು ತೆರೆಗಾಲ ಮತ್ತು ಮುಚ್ಚುಗಾಲ ಮಾತ್ರ. ಮುಚ್ಚುಗಾಲದಲ್ಲಿ ಹೊತ್ತೇರುತ್ತಿದ್ದಂತೆ ಸೈರನ್ ಆಗುತ್ತದೆ. ಆಮೇಲೆ ಸೂರ್ಯ ಪಡುವಣಕ್ಕೆ ವಾಲುವ ತನಕ ಯಾರೂ ಬೀದಿಗೆ ಇಳಿಯುವಂತಿಲ್ಲ. ಆ ವೇಳೆಗೆ ಮುಚ್ಚುಹೊತ್ತು ಎನ್ನುತ್ತೇವೆ.

ಮಕ್ಕಳ ಶಾಲೆ ನಸುಕಿನಲ್ಲೇ ಮುಗಿಯುತ್ತದೆ. ದುರ್ಗದಬೈಲಿನ ಪೇಟೆಗೆ ಪೂರ್ತಿ ಚಾವಣಿ ಬಂದು ಅದೀಗ ಒಳಪೇಟೆಯಾಗಿದೆ. ಉಣಕಲ್ ಕೆರೆಯ ಅಂಗಳದಲ್ಲಿ ಸೂರ್ಯಫಲಕಗಳನ್ನು ಹಾಸಿದ್ದಾರೆ. ಅಲ್ಲಿ ನೀರಿತ್ತು ಎಂದರೆ ಸಣ್ಣವರು ನಮ್ಮನ್ನು ತಮಾಷೆ ಮಾಡುತ್ತಾರೆ. ಜೋಳದ ರೊಟ್ಟಿಯನ್ನು ಮಾತ್ರ ನಾವಿನ್ನೂ ಬಿಟ್ಟಿಲ್ಲ. ಹೆಂಗಸರು ಅದನ್ನು ಬೆಳಗಿನ ಜಾವದಲ್ಲೇ ಬಡಿದು, ಮಾಳಿಗೆಯ ತಗಡಿನ ಮೇಲೆ ಹರಡಿ ಒಳಗೆ ಬಂದುಬಿಡುತ್ತಾರೆ. ಸಂಜೆಗೆ ಒಲೆಯ ಹಂಗಿಲ್ಲದೆ ಅವು ಕಡಕ್ ಆಗಿರುತ್ತವೆ. ಮದುವೆ, ಜಗಳ, ವ್ಯಾಪಾರ ಎಲ್ಲವೂ ಹೊತ್ತು ಮುಳುಗಿದ ಮೇಲೆ. ನಿಮ್ಮ ಕಾಲದಲ್ಲಿ ಕೆಟ್ಟ ಕೆಲಸಗಳು ಕತ್ತಲಲ್ಲಿ ನಡೆಯುತ್ತಿದ್ದವೆಂದು ಓದಿದ್ದೇನೆ. ನಮ್ಮಲ್ಲಿ ಅವು ಕಣ್ಣು ಕುಕ್ಕುವ ಬೆಳಕಿನಲ್ಲಿ ನಡೆಯುತ್ತವೆ, ಏಕೆಂದರೆ ಆಗ ಪೊಲೀಸರೂ ಒಳಗಿರುತ್ತಾರೆ.

ಇನ್ನೊಂದು ಶಬ್ದ ಉಳಿಯಿತು. ಚಳಿ ಎಂದರೆ ನಿಮಗೆ ಹವೆ. ನಮಗೆ ಅದೊಂದು ಮಾದಕ ವಸ್ತು. ಉಗುರಿನಷ್ಟು ಅಗಲದ ತೆಳ್ಳನೆಯ ಹಾಳೆಯಾಗಿ ಬರುತ್ತದೆ. ನಾಲಿಗೆಯ ಕೆಳಗೆ ಇಟ್ಟುಕೊಂಡರೆ ಮೈಗೆ ಬಿಸಿಲು ತಾಕುವುದೇ ಇಲ್ಲ. ಎದೆಯೊಳಗೆ ತಣ್ಣನೆ ಗಾಳಿ ಬೀಸಿದ ಹಾಗೆ, ಹಲ್ಲು ಕಟಕಟ ಎನ್ನುವ ಹಾಗೆ ಆಗುತ್ತದಂತೆ. ಹುಟ್ಟಿದಂದಿನಿಂದ ಬೆವರಿದ ಮಕ್ಕಳಿಗೆ ಅದಕ್ಕಿಂತ ದೊಡ್ಡ ಸುಖ ಏನಿದೆ? ಆದರೆ ಬಿಸಿಲು ಎಲ್ಲಿಗೂ ಹೋಗಿರುವುದಿಲ್ಲ. ಒಳಗೆ ರಕ್ತ ಕುದಿಯುತ್ತಿದ್ದರೂ ಹುಡುಗ ತಂಪಾಗಿದ್ದೇನೆ ಎಂದುಕೊಂಡು ನಡೆಯುತ್ತಲೇ ಇರುತ್ತಾನೆ.

ಇಂಥ ಹುಡುಗರನ್ನು ಕಟ್ಟಿಕೊಂಡು ಗ್ಯಾಂಗುಗಳು ಬೆಳೆದವು. ಮುಚ್ಚುಹೊತ್ತಿನ ಖಾಲಿ ಊರಿನಲ್ಲಿ ಅಂಗಡಿ ಒಡೆಯಲು, ಸರಕು ಸಾಗಿಸಲು, ಎದುರಾಳಿಯ ಓಣಿಗೆ ನುಗ್ಗಿ ಕೈಕಾಲು ಮುರಿದು ಬರಲು ಇವರನ್ನು ಕಳಿಸುತ್ತಿದ್ದರು. ಕಿಟಕಿಯ ಸಂದಿನಿಂದ ನೋಡಿದರೆ ಕಾದ ಡಾಂಬರಿನ ಮೇಲೆ ಆ ಮಕ್ಕಳು ನೀರಿನಲ್ಲಿ ತೇಲಿದಂತೆ ಕಾಣುತ್ತಿದ್ದರು. ಜನ ಅವರಿಗೆ ಬಿಸಿಲ್ಗುದುರೆಗಳೆಂದು ಹೆಸರಿಟ್ಟರು. ನನ್ನ ತಮ್ಮ ಫಕೀರೇಶ ಹದಿನೈದು ತುಂಬುವ ಮೊದಲೇ ಅವರಲ್ಲೊಬ್ಬನಾದ.

ನಮ್ಮಪ್ಪ ಗೋಡೆ ಕಟ್ಟುವ ಗೌಂಡಿ. ನಾವು ಸಣ್ಣವರಿದ್ದಾಗಲೇ ತೀರಿಕೊಂಡರು. ಅವ್ವ ಶಿವಲೀಲಾ ಬೀದಿಗೆ ಕಟ್ಟುವ ನೆರಳುಬಟ್ಟೆ ಹೊಲಿದು ನಮ್ಮನ್ನು ಸಾಕಿದಳು. ಅವಳಿಗೆ ಬೆನ್ನಿಗೆ ನಿಂತವನು ಅವಳ ತಮ್ಮ, ನಮ್ಮ ಗುರುಪಾದಮಾಮಾ. ಒಳಪೇಟೆಯಲ್ಲಿ ಅವನದೊಂದು ಐಸ್ ಅಂಗಡಿ. ಬರುವಾಗಲೆಲ್ಲ ಗೋಣಿಯಲ್ಲಿ ಐಸ್ ಗಡ್ಡೆ ಸುತ್ತಿಕೊಂಡು ಬಂದು ನಮ್ಮ ಹಣೆಗೆ ಒತ್ತಿ ನಗುತ್ತಿದ್ದ. ಫಕೀರೇಶನಿಗೆ ಸೈಕಲ್ ಕಲಿಸಿದವನೂ ಅವನೇ. ತಮ್ಮನಿಗೆ ಜ್ವರ ಬಂದರೆ ಅವ್ವನಿಗಿಂತ ಮೊದಲು ಮಾಮಾ ಆಸ್ಪತ್ರೆಯ ಬಾಗಿಲಲ್ಲಿರುತ್ತಿದ್ದ.

ಫಕೀರೇಶ ಬದಲಾದದ್ದು ಸ್ವಲ್ಪ ಸ್ವಲ್ಪವಾಗಿ. ಮೊದಲು ಊಟ ಬಿಟ್ಟ. ಆಮೇಲೆ ಕಾದ ಮನೆಯೊಳಗೆ ಕೌದಿ ಹೊದ್ದು ಕೂರತೊಡಗಿದ.

"ಯಾಕಲೇ, ಮೈಯಾಗ ಹುಷಾರಿಲ್ಲೇನು?" ಎಂದು ಅವ್ವ ಕೇಳಿದರೆ, "ಏನಿಲ್ಲ ಬೇ, ಸುಮ್ನ" ಎನ್ನುತ್ತಿದ್ದ. ಒಂದು ದಿನ ಅವನು ಮಲಗಿದ್ದಾಗ ಪಾದ ನೋಡಿದೆ. ಅಂಗಾಲಿನ ಚರ್ಮ ಸುಟ್ಟು ಸುಲಿದಿತ್ತು. ನಾನು ಮುಟ್ಟಿದರೂ ಅವನಿಗೆ ಗೊತ್ತಾಗಲಿಲ್ಲ.

ಅದೇ ವಾರ ದಾವಲ್ ಸತ್ತ. ದಾವಲ್ ನಮ್ಮ ಓಣಿಯವನೇ, ಫಕೀರೇಶನ ಜೀವದ ಗೆಳೆಯ. ಅವರಮ್ಮ ಮದುವೆಗಳಿಗೆ ಅಡುಗೆ ಮಾಡುತ್ತಿದ್ದಳು. ಸಂಜೆ ಬಾಗಿಲುಗಳು ತೆರೆದಾಗ ಹಳೇ ಹುಬ್ಬಳ್ಳಿಯ ಒಂದು ಗೋಡೆಗೆ ಒರಗಿ ಕೂತಿದ್ದವನನ್ನು ಜನ ಕಂಡರು. ಮೈಮೇಲೆ ಒಂದೂ ಗಾಯವಿರಲಿಲ್ಲ. ಮುಖದಲ್ಲಿ ನಗುವಿತ್ತು. ಬಿಸಿಲಿನ ಸಾವು ಎಂದು ಬರೆದು ಹೆಣ ಕೊಟ್ಟರು. ಮಣ್ಣು ಮಾಡಿ ಬಂದ ಫಕೀರೇಶ ಅವ್ವನ ಹೊಲಿಗೆ ಯಂತ್ರದ ಪಕ್ಕ ಕುಸಿದು ಕೂತು, ಎಲ್ಲವನ್ನೂ ಹೇಳಿದ. ಹಾಳೆ ಸಿಗದಿದ್ದರೆ ಮೈಗೆ ಬೆಂಕಿ ಹಚ್ಚಿದಂತಾಗುತ್ತದೆ ಎಂದ. ಹಾಳೆಗಾಗಿ ಹೇಳಿದ ಕೆಲಸವನ್ನೆಲ್ಲ ಮಾಡಿದ್ದೇನೆ ಎಂದ. ಯಾರು ಹೇಳಿದ ಕೆಲಸ ಎಂಬುದೊಂದನ್ನು ಮಾತ್ರ ಹೇಳಲಿಲ್ಲ.

ಅವ್ವ ಅವನನ್ನು ಹೊಡೆಯಲಿಲ್ಲ, ಅಳಲೂ ಇಲ್ಲ. ಕಷ್ಟ ಬಂದಾಗಲೆಲ್ಲ ಎಲ್ಲಿಗೆ ಹೋಗುತ್ತಿದ್ದಳೋ ಅಲ್ಲಿಗೇ ಹೋದಳು. "ತಮ್ಮಾ, ನೀ ನಾಕ ಮಂದಿನ್ನ ಬಲ್ಲಾಂವ. ಹೆಂಗರ ಮಾಡಿ ಹುಡುಗನ್ನ ಅದರಾಗಿಂದ ಬಿಡಸು" ಎಂದು ಮಾಮಾನ ಕೈ ಹಿಡಿದಳು. ಅವನ ಕಣ್ಣಲ್ಲಿ ನೀರು ಬಂತು. ನಾಳೆ ಊಟಕ್ಕೆ ಬರ್ತೀನಿ, ನಾನ ಮಾತಾಡ್ತೀನಿ ಎಂದ.

ಮರುದಿನ ಅವ್ವ ಅವನಿಗೆ ಇಷ್ಟವೆಂದು ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು. ಫಕೀರೇಶನೂ ನಾನೂ ಉಣ್ಣಲು ಕೂತಿದ್ದೆವು. ಮಾಮಾ ಬಾಗಿಲು ತಳ್ಳಿ ಒಳಗೆ ಬಂದ. ಫಕೀರೇಶ ತಟ್ಟೆಯಿಂದ ಎಂಜಲು ಕೈ ತೆಗೆದು ಸಟಕ್ಕನೆ ಎದ್ದು ನಿಂತ. ತಲೆ ತಗ್ಗಿಸಿ, ಕೈ ಎರಡೂ ಬೆನ್ನ ಹಿಂದೆ ಕಟ್ಟಿಕೊಂಡು. ಮಾಮಾನ ಹೆಗಲ ಮೇಲೆ ಕೂತು ಬೆಳೆದ ಹುಡುಗ ಹಾಗೆ ಎಂದೂ ನಿಂತವನಲ್ಲ.

"ಕುಂದ್ರು" ಎಂದ ಮಾಮಾ, ರೂಢಿಯಿಂದ ಎಂಬಂತೆ. ಫಕೀರೇಶ ಕೂತ. ಮಾಮಾನಿಗೂ ತಾನು ಏನು ಮಾಡಿದೆ ಎಂದು ಆಗಲೇ ಹೊಳೆಯಿತು.

ರೊಟ್ಟಿ ಹಿಡಿದು ಬಂದಿದ್ದ ಅವ್ವ ಅಲ್ಲೇ ನಿಂತಳು. "ನನ್ನ ಮಗಾ ನಿನ್ನ ಮುಂದ ಯಾಕ ಎದ್ದು ನಿಂತಾ, ಗುರುಪಾದ?"

"ದೊಡ್ಡಾವ್ರು ಬಂದ್ರು ಅಂತ ನಿಂತಾನ. ಅದರಾಗ ಏನೈತಿ?"

"ಹೇಳು."

ಅವನು ಹೋಗಿ ಬಾಗಿಲು ಮುಚ್ಚಿದ. ಆಮೇಲೆ ಮೆಲ್ಲಗೆ ಹೇಳಿದ: "ಅಕ್ಕಾ, ಈ ಊರಾಗ ಯಾವ ಹುಡುಗನೂ ಇದರಿಂದ ಉಳಿಯೂದಿಲ್ಲ. ಬ್ಯಾರೇದಾವ್ರ ಕೈಯಾಗ ಸಿಕ್ಕಿದ್ರ ಇಷ್ಟೊತ್ತಿಗೆ ಸತ್ತಿರತಿದ್ದ. ನನ್ನ ಕೈಯಾಗ ಅದಾನ ಅಂತ ಜೀವಂತ ಅದಾನ."

"ದಾವಲ್ ಯಾರ ಕೈಯಾಗಿದ್ದ?"

ಮಾಮಾ ಊಟ ಮಾಡದೆ ಹೋದ.

ಅವತ್ತಿನಿಂದ ಅವ್ವ ಫಕೀರೇಶನನ್ನು ಹೊರಗೆ ಬಿಡಲಿಲ್ಲ. ಚಳಿ ಬಿಡಿಸುವುದೆಂದರೆ ಏನೆಂದು ನಿಮಗೆ ಹೇಳಲು ಮನಸ್ಸಿಲ್ಲ, ಆದರೂ ಹೇಳುತ್ತೇನೆ. ಅಷ್ಟು ದಿನ ತಾಕದಿದ್ದ ಉರಿಯೆಲ್ಲ ಒಮ್ಮೆಗೇ ತಾಕುತ್ತದೆ. ತಮ್ಮ ಅರಚುತ್ತಿದ್ದ, ನೆಲಕ್ಕೆ ಕೆನ್ನೆ ತಿಕ್ಕುತ್ತಿದ್ದ. ಕುಡಿಯಲು ಇಟ್ಟ ನೀರಿನಲ್ಲೇ ಬಟ್ಟೆ ಅದ್ದಿ ನಾವು ಸರದಿಯಂತೆ ಅವನ ಮೈ ಒರೆಸಿದೆವು. ಅವ್ವನನ್ನು ಬಾಯಿಗೆ ಬಂದಂತೆ ಬೈದ. ಮತ್ತೆ ಅವಳ ತೊಡೆಯ ಮೇಲೇ ತಲೆಯಿಟ್ಟು ಮಲಗಿದ. ಕೊನೆಗೊಂದು ಬೆಳಿಗ್ಗೆ ತಾನಾಗಿಯೇ ಒಂದು ರೊಟ್ಟಿ ಕೇಳಿ ತಿಂದ. ನನ್ನ ನೆನಪಿನಲ್ಲಿ ನಮ್ಮ ಮನೆ ಅಷ್ಟು ಹಗುರಾಗಿದ್ದ ದಿನ ಇನ್ನೊಂದಿಲ್ಲ.

ಅವನು ಚೇತರಿಸಿಕೊಂಡ ಮೇಲೆ ಅವ್ವ ಠಾಣೆಗೆ ಹೋದಳು. ಜೊತೆಗೆ ನಾನೂ ಇದ್ದೆ. ಅಲ್ಲಿನ ಹೆಣ್ಣು ಅಧಿಕಾರಿ ಎಲ್ಲ ಕೇಳಿಸಿಕೊಂಡು, "ಅವಾ ಬಿಸಲಿಗೆ ಎಂದೂ ಬರೂದಿಲ್ಲವ್ವಾ. ಅಂಗಡಿ ಎರಡ ಸಲ ಹುಡುಕೇವಿ, ಐಸ್ ಬಿಟ್ರ ಏನೂ ಸಿಗಲಿಲ್ಲ" ಎಂದಳು.

"ಅಂಗಡಿ ಗೋದಾಮಿನ ಹಿಂದಿನ ಗ್ವಾಡಿ ನನ್ನ ಗಂಡ ಕಟ್ಟಿದ್ದು. ಅದರ ಹಿಂದ ಇನ್ನೊಂದು ಖೋಲಿ ಐತಿ" ಎಂದಳು ಅವ್ವ.

ಮನೆಗೆ ಬಂದ ಮೇಲೆ ಅವಳು ನನಗೊಂದು ಮಾತು ಹೇಳಿದಳು: "ಇನ್ನ ನನಗ ತವರ ಇಲ್ಲ."

ಪೊಲೀಸರು ಮುಚ್ಚುಹೊತ್ತಿನಲ್ಲೇ ದಾಳಿ ಮಾಡುವುದೆಂದು ತೀರ್ಮಾನಿಸಿದ್ದರು. ಆಗಲೇ ಹುಡುಗರೂ ಸರಕೂ ಮಾಮಾನೂ ಒಂದೇ ಕಡೆ ಇರುವುದು. ದಾಳಿಯ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಅವ್ವ ನನಗೆ ಅದನ್ನು ಪಿಸುಗುಟ್ಟಿದ್ದು ಫಕೀರೇಶನ ಕಿವಿಗೆ ಬಿತ್ತು. ಸೈರನ್ ಆದದ್ದೇ ತಡ, ಅವನು ಅಗುಳಿ ತೆಗೆದು ಓಡಿದ. ನಾನು ಓಣಿಯ ತಿರುವಿನ ತನಕ ಬೆನ್ನಟ್ಟಿದೆ. "ಫಕೀರಾ, ಬ್ಯಾಡೋ! ತಿರುಗಿ ಬಾರೋ!" ಎಂದು ಕೂಗಿದೆ. ಅವನು ತಿರುಗಿ, "ಮಾಮಾನ್ನ ಹಿಡೀತಾರಕ್ಕಾ!" ಎಂದ. ಅಷ್ಟರಲ್ಲಿ ನನಗೆ ಕಣ್ಣು ಕತ್ತಲೆ ಬಂತು. ಪಕ್ಕದ ಮನೆಯವರು ಬಾಗಿಲು ತೆರೆದು ನನ್ನನ್ನು ಒಳಗೆ ಎಳೆದುಕೊಂಡರು.

ಅವತ್ತು ಅವನ ನಾಲಿಗೆಯ ಕೆಳಗೆ ಏನೂ ಇರಲಿಲ್ಲ. ಬಿಸಿಲನ್ನು ಪೂರ್ತಿಯಾಗಿ ಅನುಭವಿಸುತ್ತಲೇ ಅವನು ಓಡಿದ. ಆಸೆಗೆ ಅಲ್ಲ, ಹಾಳೆಗೆ ಅಲ್ಲ, ಹಣೆಗೆ ಐಸ್ ಒತ್ತಿದವನ ಸಲುವಾಗಿ. ಮುಂದಿನದನ್ನು ಒಳಪೇಟೆಯ ಗಾಜಿನ ಬಾಗಿಲ ಹಿಂದೆ ನಿಂತು ನೋಡಿದವರು ಹೇಳಿದರು. ಅವನು ಪೇಟೆಯ ಹೆಬ್ಬಾಗಿಲು ಕಾಣುವಷ್ಟು ದೂರಕ್ಕೆ ಬಂದು ಮಕಾಡೆ ಬಿದ್ದ. ಗುರುಪಾದಮಾಮಾನೂ ಅದನ್ನು ಕಂಡ. "ಹೋಗಬ್ಯಾಡ್ರಿ ಅಣ್ಣಾರ, ಸಾಯ್ತೀರಿ" ಎಂದು ಅವನ ಹುಡುಗರು ತೋಳು ಹಿಡಿದರು. ಅವನು ಕೊಸರಿಕೊಂಡು, ನೆನೆದ ಗೋಣಿ ಹೊದ್ದು ಹೊರಗೆ ಬಂದ. ಎಷ್ಟೋ ಮಕ್ಕಳನ್ನು ಬಿಸಿಲಿಗೆ ಕಳಿಸಿದವನು ತಾನು ಆ ಬಿಸಿಲಿಗೆ ಕಾಲಿಟ್ಟದ್ದು ಅದೇ ಮೊದಲು. ಗೋಣಿಯನ್ನು ಅಳಿಯನಿಗೆ ಸುತ್ತಿ, ಹೆಗಲಿಗೆ ಹಾಕಿಕೊಂಡು ಸರಕಾರಿ ಆಸ್ಪತ್ರೆಯತ್ತ ನಡೆದ. ದಾರಿಯಲ್ಲಿ ಪೊಲೀಸ್ ಗಾಡಿ ಅಡ್ಡಬಂತು. ಮಾಮಾ ಓಡಲಿಲ್ಲ. "ಮೊದಲ ಹುಡುಗನ್ನ ತಗೋರಿ" ಎಂದು ಕುಸಿದ.

ಇಬ್ಬರೂ ಬದುಕಿದರು. ಮಾಮಾನ ಮುಖದ ಅರ್ಧ ಚರ್ಮ ಹೋಯಿತು. ಫಕೀರೇಶನ ಮಿದುಳು ಬೆಂದಿತ್ತು.

ಮೊಕದ್ದಮೆ ನಡೆದಾಗ ಅವ್ವನೇ ಮುಖ್ಯ ಸಾಕ್ಷಿ. ಮಾಮಾನ ವಕೀಲರು ಎದ್ದು, ಜೀವದ ಹಂಗು ತೊರೆದು ನಿಮ್ಮ ಮಗನನ್ನು ಹೊತ್ತು ತಂದವರು ಇವರೇ ತಾನೇ ಎಂದು ಕೇಳಿದರು. ಅವ್ವ ತಮ್ಮನ ಸುಟ್ಟ ಮುಖವನ್ನು ನೆಟ್ಟಗೆ ನೋಡಿದಳು.

"ಹೌದ್ರಿ. ವಿಷಾ ಕೊಟ್ಟಾಂವನೂ ಅವನ, ಹೊತ್ತು ತಂದಾಂವನೂ ಅವನ. ಎರಡೂ ಬರಕೋರಿ. ಒಂದ ಬರದು ಇನ್ನೊಂದ ಬಿಡಬ್ಯಾಡ್ರಿ."

ಮಾಮಾ ಅಲ್ಲೇ ಗೋಡೆಗೆ ಹಣೆ ಹಚ್ಚಿ ಅತ್ತ. ಅವನಿಗೆ ಸಾಯುವ ತನಕ ಸೆರೆವಾಸವಾಯಿತು. ಅವನ ಅಂಗಡಿಯನ್ನು ಇನ್ನೊಬ್ಬ ಹಿಡಿದ. ತಿಂಗಳು ಕಳೆಯುವುದರೊಳಗೆ ಬೀದಿಯಲ್ಲಿ ಬೇರೆ ಹುಡುಗರು ಓಡುವುದು ಕಾಣಿಸಿತು. ಅವ್ವ ಕಿಟಕಿಯಲ್ಲಿ ನಿಂತು ಅವರನ್ನು ನೋಡುತ್ತಿದ್ದಳು, ಹೆಸರು ಗೊತ್ತಿದ್ದವರನ್ನು ಹೆಸರು ಹಿಡಿದು ಒಳಗೆ ಕರೆಯುತ್ತಿದ್ದಳು. ಕೆಲವರು ಬಂದರು. ನಮ್ಮ ಪಡಸಾಲೆಯಲ್ಲಿ ಅರಚಿ, ಹೊರಳಾಡಿ, ರೊಟ್ಟಿ ಕೇಳಿ ತಿಂದು ಮನೆಗೆ ಹೋದರು. ಬಹಳ ಮಂದಿ ಬರಲಿಲ್ಲ. ಹೋದ ತೆರೆಗಾಲದಲ್ಲಿ ಅವ್ವ ತೀರಿಕೊಂಡಳು. ಈಗ ಕಿಟಕಿಯಲ್ಲಿ ನಾನು ನಿಲ್ಲುತ್ತೇನೆ.

ಫಕೀರೇಶನಿಗೆ ಮೂವತ್ತು ದಾಟಿದೆ. ನನ್ನನ್ನು ಅವ್ವಾ ಎನ್ನುತ್ತಾನೆ. ಬೇರೆ ಮಾತಿಲ್ಲ. ಬಿಸಿ ಯಾವುದು, ತಣ್ಣನೆಯದು ಯಾವುದು ಎಂದು ಅವನ ಮೈಗೆ ತಿಳಿಯುವುದಿಲ್ಲ. ಸ್ನಾನದ ನೀರನ್ನೂ ಚಹಾವನ್ನೂ ಮೊದಲು ನಾನು ಮುಟ್ಟಿ ನೋಡಿ ಆಮೇಲೆ ಅವನಿಗೆ ಕೊಡುತ್ತೇನೆ.

ನಿಮ್ಮಲ್ಲೂ ಬೇರೆ ಹೆಸರಿನ ಹಾಳೆಗಳು, ಪುಡಿಗಳು, ಸೂಜಿಗಳು ಇದ್ದವೆಂದು ಕೇಳಿದ್ದೇನೆ. ಅವನ್ನು ಮಕ್ಕಳ ಕೈಗೆ ಇಡುವವರು ಗುರುತಿಲ್ಲದವರೇ ಆಗಿರುತ್ತಾರೆ ಎಂದು ನಂಬಿ ಬಾಗಿಲು ಭದ್ರ ಮಾಡಿಕೊಳ್ಳಬೇಡಿ. ಮಗ ಯಾರ ಹೆಸರನ್ನು ಹೇಳದೆ ನುಂಗುತ್ತಾನೋ ಆ ಹೆಸರನ್ನು ಕೇಳಿ. ನಿಮಗೆ ಪ್ರೀತಿಯ ಹೆಸರಾದರೂ ಕೇಳಿ. ನಾನು ಬೇಡುವುದು ಇಷ್ಟೇ.

ಅವನಿಗೆ ಉಣಿಸುವ ಹೊತ್ತಾಯಿತು. ನಮ್ಮಲ್ಲಿ ಹೊರಡುವವರು ಹೋಗುತ್ತೇನೆ ಎನ್ನುವುದಿಲ್ಲ, ಬರುತ್ತೇನೆ ಎನ್ನುತ್ತಾರೆ. ನಿಮ್ಮಲ್ಲೂ ಹಾಗೆಯೇ ಇತ್ತಂತೆ. ಆದರೆ ನಾನು ನಿಮ್ಮ ಕಡೆಗೆ ಬರಲಾರೆ. ನೀವೇ ನಮ್ಮ ಕಡೆಗೆ ಬರುತ್ತಿದ್ದೀರಿ.